ಕೆಳಗೆ ಖಾಲಿ ಇತ್ತು, ನನ್ನ ಹೆಸರು ಹಾಕಿದೆ

(ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೊತ್ತಾಯಿತೆಂದು ಅಲ್ಲಿ ಬಿಟ್ಟ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಮ್ಮ ಅವ್ವನ ವಿಷಯ ಹೇಳುತ್ತೇನೆ. ಅದನ್ನು ಬಿಟ್ಟು ಉಳಿದದ್ದು ಹೇಳಿದರೆ ಬರೀ ಕಾನೂನಿನ ಪಾಠ ಆಗುತ್ತದೆ.

ನಮ್ಮ ಅವ್ವ ಬೆಳಗಿನ ಐದಕ್ಕೆಲ್ಲ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ನಾವು ಮಕ್ಕಳು ಏಳುತ್ತಿದ್ದದ್ದೇ ಆ ಸದ್ದಿಗೆ. ಅವಳ ಬಲಗೈ ಮಣಿಕಟ್ಟಿನ ಒಳಗೆ ನಾಲ್ಕಾಣೆಯಷ್ಟು ಅಗಲದ ಒಂದು ಸುಟ್ಟ ಕಲೆ ಇತ್ತು. ಹಂಚು ತಾಗಿ ಆಗಿದ್ದು. ಹಳೆಯದು ಮಾಯುವಷ್ಟರಲ್ಲಿ ಅದೇ ಜಾಗಕ್ಕೆ ಮತ್ತೆ ತಾಗುತ್ತಿತ್ತು. ಕೊನೆಕೊನೆಗೆ ಅವಳಿಗೆ ಕಿವಿ ಮಂದ ಆಯಿತು. ಆಗ ರೊಟ್ಟಿಯನ್ನು ಮೊದಲಿಗಿಂತ ಜೋರಾಗಿ ಬಡಿಯಲು ಶುರು ಮಾಡಿದಳು. ಯಾಕವ್ವಾ ಇಷ್ಟು ಜೋರು ಅಂದರೆ, "ಸಪ್ಪಳ ಕೇಳಲಿಲ್ಲಂದ್ರ ರೊಟ್ಟಿ ತೆಳ್ಳಗ ಆತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು?" ಅನ್ನುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಇದನ್ನೆಲ್ಲ ಒಂದು ಪುಟದಷ್ಟು ಬರೆದು ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ. ಒಂದಷ್ಟು ಜನ ಓದಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎರಡು ವರ್ಷ ಆದ ಮೇಲೆ ನನ್ನ ಹೆಂಡತಿಯ ತಮ್ಮ ವಾಟ್ಸಾಪಿನಲ್ಲಿ ಅದನ್ನೇ ನನಗೆ ಕಳಿಸಿದ. "ಮಾಮಾ, ಇದು ಓದ್ರಿ, ಥೇಟ್ ನಿಮ್ಮ ಅವ್ವನ ಹಾಂಗೇ ಅದ" ಅಂತ ಬರೆದಿದ್ದ. ಕೆಳಗೆ 'ಸಂಗ್ರಹ' ಅಂತಿತ್ತು.

ಮುಂದೆ ಆರು ತಿಂಗಳಿಗೆ ಒಂದು ಸಣ್ಣ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಈ ಸಲ ಕೆಳಗೆ ಒಬ್ಬರ ಹೆಸರಿತ್ತು. ಅವ್ವನ ಹೆಸರು ಬದಲಾಗಿತ್ತು. ಊರು ಬದಲಾಗಿತ್ತು. ಮಣಿಕಟ್ಟಿನ ಕಲೆ ಹಾಗೇ ಇತ್ತು. ಕಿವಿ ಮಂದ ಆದದ್ದೂ ಹಾಗೇ ಇತ್ತು. ನಾನು ಟೈಪ್ ಮಾಡುವಾಗ 'ನಾದಿದ ಹಿಟ್ಟು' ಅನ್ನುವ ಕಡೆ 'ನಾಡಿದ ಹಿಟ್ಟು' ಅಂತ ತಪ್ಪು ಬಿದ್ದಿತ್ತು. ಅಚ್ಚಿನಲ್ಲೂ 'ನಾಡಿದ ಹಿಟ್ಟು' ಅಂತಲೇ ಇತ್ತು. ನನ್ನ ಬರಹ ಹೋಯಿತಲ್ಲ ಅನ್ನುವುದಕ್ಕಿಂತ ಜಾಸ್ತಿ ನೋವಾದದ್ದು ಬೇರೆಯದಕ್ಕೆ. ನಮ್ಮ ಅವ್ವನ ಕೈಯನ್ನೇ ಬಿಚ್ಚಿ ಇನ್ಯಾರಿಗೋ ಜೋಡಿಸಿದ್ದರು.

ನಂಬರ್ ಹುಡುಕಿ ಫೋನ್ ಮಾಡಿದೆ. ಜಗಳ ಆಡಬೇಕು ಅಂತಲೇ ಮಾಡಿದ್ದೆ. ಆ ಮನುಷ್ಯ ಮೆತ್ತಗೆ ಹೇಳಿದರು: "ಸರ್, ಗ್ರೂಪಿನಾಗ ಬಂದಿತ್ರಿ. ಭಾಳ ಛಂದ ಇತ್ತು. ಯಾರದಂತ ಇದ್ದಿಲ್ಲ. ಕೆಳಗ ಖಾಲಿ ಇತ್ತು, ನನ್ನ ಹೆಸರು ಹಾಕಿದೆ."

ಕೆಳಗೆ ಖಾಲಿ ಇತ್ತು. ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಅವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗೆ ಖಾಲಿ ಮಾಡಿದವರು ಯಾರು? ನಾನು ಹಾಕಿದಾಗ ಹೆಸರಿತ್ತಲ್ಲ. ಯಾರೋ ಒಬ್ಬರು ಬರಹವನ್ನಷ್ಟೇ ಕಾಪಿ ಮಾಡಿ ಗ್ರೂಪಿಗೆ ಹಾಕಿದರು, ಹೆಸರು ಹಿಂದೆಯೇ ಉಳಿಯಿತು. ಅವರಿಗೆ ಕದಿಯುವ ಮನಸ್ಸಿರಲಿಲ್ಲ. ಇನ್ನೊಬ್ಬರು ಮುಂದಕ್ಕೆ ಕಳಿಸಿದರು, ಮತ್ತೊಬ್ಬರು 'ಸಂಗ್ರಹ' ಅಂತ ಸೇರಿಸಿದರು. ಹೀಗೆ ನೂರು ಜನರ ಕೈ ದಾಟಿ ಬಂದಾಗ ಆ ಜಾಗ ಖಾಲಿ ಇತ್ತು, ಕೊನೆಯವರು ಅದರಲ್ಲಿ ಕೂತರು. ನಾವು ಕೃತಿಚೌರ್ಯ ಅಂತ ಬೈಯುವುದು ಆ ಕೊನೆಯವರನ್ನು. ಜಾಗ ಖಾಲಿ ಮಾಡಿಕೊಟ್ಟ ನೂರು ಜನರಲ್ಲಿ ನಾವೂ ಇದ್ದೇವೆ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ನೂರು ಜನರ ಬಗ್ಗೆ.

ಮಳಖೇಡ ನಿಮಗೆಲ್ಲ ಗೊತ್ತು. ಸೇಡಂ ಬಸ್ಸು ಹತ್ತಿದರೆ ಗಂಟೆಯ ದಾರಿ. ಕಾಗಿಣಾ ಹೊಳೆಯ ದಂಡೆ, ಹಾಳು ಬಿದ್ದ ಕೋಟೆ. ಒಂಬತ್ತನೇ ಶತಮಾನದಲ್ಲಿ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ನಮ್ಮ ಕೈಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ. ಪರೀಕ್ಷೆಗೆ ಅಂತ ನೀವು ಓದಿರುತ್ತೀರಿ. ಅದರಲ್ಲಿ ಒಂದು ಕೆಲಸ ನಡೆದಿದೆ, ಅದನ್ನು ಸ್ವಲ್ಪ ನಿಂತು ನೋಡಿ. ತನಗಿಂತ ಮೊದಲು ಕನ್ನಡದಲ್ಲಿ ಬರೆದವರ ಹೆಸರುಗಳನ್ನು ಆ ಪುಸ್ತಕ ಹೇಳುತ್ತದೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ.

ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಸಿಕ್ಕಿಲ್ಲ. ಒಂದು ಓಲೆಗರಿಯೂ ಇಲ್ಲ. ಆದರೂ ಇಂಥ ಜನ ಇದ್ದರು, ಕವಿರಾಜಮಾರ್ಗಕ್ಕಿಂತ ಮುಂಚೆಯೇ ಕನ್ನಡದಲ್ಲಿ ಗದ್ಯ ಇತ್ತು, ಪದ್ಯ ಇತ್ತು ಅಂತ ನಾವು ಧೈರ್ಯವಾಗಿ ಹೇಳುತ್ತೇವೆ. ಹೇಗೆ? ಒಬ್ಬರು ಹೆಸರು ಬರೆದಿಟ್ಟರು, ಅಷ್ಟೇ. ಸಾವಿರದ ಇನ್ನೂರು ವರ್ಷಗಳ ಹತ್ತಿರ ಬಂತು. ಬರಹ ಅಳಿದರೂ ಹೆಸರು ಉಳಿಯಿತು. ನಮ್ಮ ಕಾಲದಲ್ಲಿ ಬರಹ ಒಂದೇ ದಿನದಲ್ಲಿ ಬೀದರಿನಿಂದ ಬೆಂಗಳೂರಿಗೆ, ಅಲ್ಲಿಂದ ದುಬೈಗೆ ಹೋಗುತ್ತದೆ. ಹೆಸರು ಮಾತ್ರ ಮೊದಲ ಫಾರ್ವರ್ಡಿಗೇ ಬಿದ್ದುಹೋಗುತ್ತದೆ.

ಅದೇ ಕವಿರಾಜಮಾರ್ಗದ ಹೆಸರಿನ ಕಥೆಯೂ ಇದೆ, ಕೇಳಿ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚು ಹಾಕಿಸಿದರು. ಬರೆದವನು ನೃಪತುಂಗನೇ ಅಂತ ಅವರು ತಿಳಿದರು. ಬಹಳ ವರ್ಷ ಹಾಗೇ ನಡೆಯಿತು. ಆಮೇಲೆ ವಿದ್ವಾಂಸರು ಪುಸ್ತಕದ ಒಳಗಿನ ಮಾತುಗಳನ್ನೇ ಹಿಡಿದು ನೋಡಿದರು. 'ನೃಪತುಂಗದೇವಾನುಮತ' ಅಂತಿದೆ, ಅಂದರೆ ರಾಜ ಒಪ್ಪಿದ್ದು, ಬರೆದವನು ಶ್ರೀವಿಜಯ ಅಂದರು. ಈಗ ಹೆಚ್ಚಿನವರು ಹಾಗೇ ಹೇಳುತ್ತಾರೆ. ಪದ್ಯದವರ ಪಟ್ಟಿಯಲ್ಲಿ ಬಂದ ಶ್ರೀವಿಜಯ ಇವನೇನಾ ಅನ್ನುವುದು ಬೇರೆ ಚರ್ಚೆ. ಆಶ್ರಯ ಕೊಟ್ಟವರ ಹೆಸರು ಬರೆದವರ ಹೆಸರನ್ನು ನುಂಗುವುದು ಇವತ್ತಿನ ಸಂಗತಿಯೂ ಹೌದು. ಯಾರದೋ ಭಾಷಣ ಇನ್ಯಾರೋ ಬರೆದುಕೊಡುತ್ತಾರೆ. ಸಂಪಾದಕರ ಹೆಸರಿರುವ ಪುಸ್ತಕದ ಕೆಲಸವನ್ನೆಲ್ಲ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮಾಡಿರುತ್ತಾಳೆ. ನಿಮ್ಮಲ್ಲಿ ಕೆಲವರು ನಾಳೆ ಆ ವಿದ್ಯಾರ್ಥಿನಿ ಆಗುತ್ತೀರಿ, ಕೆಲವರು ಆ ಸಂಪಾದಕರು ಆಗುತ್ತೀರಿ.

ಒಂದು ಅನುಮಾನ ಬರಬಹುದು. ಕವಿರಾಜಮಾರ್ಗವೇ ಸಂಸ್ಕೃತದ ದಂಡಿಯ ಕಾವ್ಯಾದರ್ಶದಿಂದ ಬಹಳಷ್ಟು ತೆಗೆದುಕೊಂಡಿದೆಯಲ್ಲ, ಹಾಗಾದರೆ ಅದೂ ಕದ್ದದ್ದಾ? ಇಲ್ಲ. ತೆಗೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸಾಹಿತ್ಯವೇ ಉಳಿಯುವುದಿಲ್ಲ. ಅದು ಒಂದು ಶಾಸ್ತ್ರವನ್ನು ಕನ್ನಡದ ಜಾಯಮಾನಕ್ಕೆ ತಿದ್ದಿ ಕಟ್ಟಿದ ಕೆಲಸ. ಪಂಪ 941ರಲ್ಲಿ ಭಾರತದ ಕಥೆ ಹೇಳಲು ಕೂತಾಗ ಮೊದಲೇ ಏನು ಹೇಳಿದ? ವ್ಯಾಸಮುನಿಯ ಮಾತಿನ ಸಮುದ್ರದಲ್ಲಿ ಈಜುತ್ತಿದ್ದೇನೆ, ನಾನೇ ವ್ಯಾಸ ಅನ್ನುವ ಗರ್ವ ನನಗಿಲ್ಲ ಅಂದ. ಅಂಥ ದೊಡ್ಡ ಕವಿ ಹೆಸರು ಹೇಳಿ ತೆಗೆದುಕೊಂಡ. ಅದರಿಂದ ಅವನ ತೂಕ ಒಂದು ಗುಂಜಿಯಷ್ಟೂ ಕಡಿಮೆ ಆಗಲಿಲ್ಲ, ಅಲ್ವಾ?

ಈಗ ನಮ್ಮ ಶರಣರ ಕಡೆ ಬರೋಣ. ಬಸವಕಲ್ಯಾಣ ನಮ್ಮ ಪಕ್ಕದ ಜಿಲ್ಲೆ. ದೇವರ ದಾಸಿಮಯ್ಯನ ಮುದನೂರು ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿದೆ. ಇವರೆಲ್ಲ ಒಂದು ಉಪಾಯ ಮಾಡಿದ್ದರು. ಅಂಕಿತ. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನಿಗೆ ರಾಮನಾಥ. ಅಂಬಿಗರ ಚೌಡಯ್ಯ ಅಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅವರು ಅಂಕಿತ ಇಟ್ಟದ್ದು ಇಷ್ಟದೈವದ ಭಕ್ತಿಗೆ, ಹಕ್ಕು ಸಾಧಿಸಲಿಕ್ಕಲ್ಲ. ಆದರೆ ಅದರಿಂದ ಇನ್ನೊಂದು ಉಪಕಾರವೂ ಆಯಿತು. ನಾವು ಈಗ ಫೋಟೋದ ಮೂಲೆಯಲ್ಲಿ ಹೆಸರು ಹಾಕುತ್ತೇವೆ. ಕ್ರಾಪ್ ಮಾಡಿದರೆ ಮುಗಿಯಿತು. ಅಂಕಿತವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಅದು ವಾಕ್ಯದ ಒಳಗೇ ಕೂತಿರುತ್ತದೆ. ತೆಗೆದರೆ ವಚನ ಕುಂಟುತ್ತದೆ. ಬಾಯಿಂದ ಬಾಯಿಗೆ ಹೋದರೂ, ಓಲೆಗರಿಯಿಂದ ಓಲೆಗರಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ.

ಆದರೆ ಈಗ ಅಂಕಿತಕ್ಕೇ ಕುತ್ತು ಬಂದಿದೆ. ಯಾರೋ ನಾಲ್ಕು ಸಾಲು ಬರೆದು, ಕೊನೆಗೆ ಕೂಡಲಸಂಗಮದೇವ ಅಂತ ಸೇರಿಸಿ, ಹಿಂದೆ ಬಸವಣ್ಣನ ಚಿತ್ರ ಇಟ್ಟು ಬಿಡುತ್ತಾರೆ. ಬಸವ ಜಯಂತಿಯ ದಿನ ನನ್ನ ಫೋನಿಗೆ ಇಂಥವು ಬರುತ್ತಲೇ ಇರುತ್ತವೆ. ಇದನ್ನು ನಾವು ಕಳ್ಳತನ ಅಂತ ನೋಡುವುದೇ ಇಲ್ಲ. ಭಕ್ತಿ ಅಂತ ನೋಡುತ್ತೇವೆ. ಒಬ್ಬರ ಮಾತಿನಿಂದ ಹೆಸರು ಕೀಳುವುದು ಎಷ್ಟು ತಪ್ಪೋ, ಅವರು ಆಡದ ಮಾತಿಗೆ ಅವರ ಹೆಸರು ಅಂಟಿಸುವುದೂ ಅಷ್ಟೇ ತಪ್ಪು. ಇನ್ನೂ ಜಾಸ್ತಿಯೇ ಅಂತ ನನಗನಿಸುತ್ತದೆ, ಯಾಕೆಂದರೆ ಬಸವಣ್ಣ ಬಂದು ಇದು ನನ್ನದಲ್ಲ ಅಂತ ಹೇಳುವ ಹಾಗಿಲ್ಲ. ಪರೀಕ್ಷೆ ಮಾಡಲು ದಾರಿ ಇದೆ. ರಾಜ್ಯ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು ನಿಮ್ಮ ಗ್ರಂಥಾಲಯದಲ್ಲಿ ಇರಬೇಕು. ವಚನ ಸಂಚಯ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದಿರುವ ವಚನಗಳೆಲ್ಲ ಬರುತ್ತವೆ. ಎರಡು ನಿಮಿಷದ ಕೆಲಸ. ಆ ಓಲೆಗರಿಗಳನ್ನು ಹುಡುಕಿ, ಓದಿ, ಅಚ್ಚಿಗೆ ತರಲು ಫ.ಗು. ಹಳಕಟ್ಟಿಯವರು ಜೀವ ತೇದರು. ನಾವು ಎರಡು ನಿಮಿಷ ಕೊಡಬಹುದು.

ತತ್ವಪದಕಾರರಿಗೆ ಆಗುತ್ತಿರುವುದು ಇನ್ನೂ ಬೇಸರದ ಸಂಗತಿ. ಯಡ್ರಾಮಿ ತಾಲೂಕಿನ ಕಡಕೋಳ ಮಡಿವಾಳಪ್ಪನವರ ಪದಗಳನ್ನು ನಮ್ಮ ಭಜನೆ ಮೇಳಗಳು ರಾತ್ರಿಯಿಡೀ ಹಾಡುತ್ತವೆ. ಅವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥವರು ಇದ್ದರು. ಹಾಡುವವರು ಅಂಕಿತ ಬಂದಾಗ ಗುರುವಿನ ಹೆಸರಿಗೆ ಕೈ ಮುಗಿಯುತ್ತಾರೆ, ನೀವೂ ನೋಡಿರುತ್ತೀರಿ. ಅದೇ ಪದ ಯೂಟ್ಯೂಬಿಗೆ ಬಂದಾಗ ಕೆಳಗೆ ಏನಿರುತ್ತದೆ? 'ಸಾಹಿತ್ಯ: ಜಾನಪದ'. ಅಂಕಿತ ಹಾಡಿನೊಳಗೇ ಕೂಗಿ ಹೇಳುತ್ತಿದೆ, ಇದು ಇಂಥವರದು ಅಂತ. ಆದರೂ ಜಾನಪದ. ಜಾನಪದ ಅನ್ನುವುದು ಗೌರವದ ಮಾತು, ನಿಜ. ಬರೆದವರು ಗೊತ್ತಿರುವಾಗ ಆ ಮಾತು ಬಳಸಿದರೆ ಅದೂ ಅಳಿಸುವ ರಬ್ಬರೇ. ಹಾಡಿದವರ ಹೆಸರೂ ಎಷ್ಟೋ ಕಡೆ ಇರುವುದಿಲ್ಲ, ಚಾನೆಲ್ಲಿನ ಹೆಸರು ಮಾತ್ರ ದೊಡ್ಡದಾಗಿರುತ್ತದೆ. 2012ರ ತಿದ್ದುಪಡಿ ಆದ ಮೇಲೆ, ಹಾಡಿದವರಿಗೂ ಇದು ನಾನು ಹಾಡಿದ್ದು ಅಂತ ಗುರುತಿಸಿಕೊಳ್ಳುವ ಹಕ್ಕನ್ನು ನಮ್ಮ ಕಾನೂನೇ ಕೊಟ್ಟಿದೆ. ನಿಮ್ಮ ಊರಿನ ಭಜನೆಯನ್ನು ನೀವೇ ರೆಕಾರ್ಡ್ ಮಾಡಿ ಹಾಕುವುದಿದ್ದರೆ ತಾಳ ಹಾಕಿದವರ ಹೆಸರೂ ಕೇಳಿ ಬರೆದುಕೊಳ್ಳಿ. ಅವರು "ನಂದೇನ್ ಬಿಡ್ರಿ" ಅನ್ನುತ್ತಾರೆ. ಆದರೂ ಬರೆಯಿರಿ.

ಬೀದರಿನಲ್ಲಿ ಒಂದು ದಿನ ಬಿದರಿ ಕೆಲಸ ನೋಡುತ್ತ ಕೂತಿದ್ದೆ. ಚೌಬಾರದ ಹತ್ತಿರದ ಒಂದು ಸಣ್ಣ ಅಂಗಡಿ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ. ಅದರ ಮೈಮೇಲೆ ಚಾಣದಿಂದ ಗೆರೆ ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿನ ಕುಶಲಕರ್ಮಿ ಕೆಲಸ ನಿಲ್ಲಿಸಿ ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ಯಾರೋ ದೂರದ ಊರಿನವರು ಮಾರಾಟಕ್ಕೆ ಹಾಕಿದ್ದ ಹೂದಾನಿ. ಮಾಲು ಅವರ ಹತ್ತಿರ ಇರಲೇ ಇಲ್ಲ, ಬರೀ ಚಿತ್ರ ಇತ್ತು. ಇದು ನನ್ನ ಕೈಯದು ಅಂದರು ಇವರು. ಹೇಗೆ ಗೊತ್ತು ಅಂದೆ. ಬಳ್ಳಿಯ ಒಂದು ಎಲೆಯ ಮೇಲೆ ಬೆರಳಿಟ್ಟರು. ಚಾಣ ಜಾರಿ ಆ ಎಲೆಯ ತುದಿ ಒಂದು ಕೂದಲಿನಷ್ಟು ಹೊರಗೆ ಹೋಗಿತ್ತು. ಅದನ್ನು ಮುಚ್ಚಲು ಅಲ್ಲಿ ಒಂದು ಮೊಗ್ಗು ಕೊರೆದಿದ್ದರು. ಆ ಮೊಗ್ಗು ಬೇರೆ ಯಾವ ಹೂದಾನಿಯಲ್ಲೂ ಇಲ್ಲ.

ನನಗೆ ನನ್ನ 'ನಾಡಿದ ಹಿಟ್ಟು' ನೆನಪಾಯಿತು.

ಬಿದರಿ ಕಲೆಗೆ ಜಿಐ, ಅಂದರೆ ಇದು ಇಂಥ ಊರಿನದು ಅನ್ನುವ ಭೌಗೋಳಿಕ ಗುರುತು ಇದೆ. ಬೀದರಿನ ಹೆಸರನ್ನು ಅದು ಕಾಯುತ್ತದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಒಬ್ಬ ಬಿದರಿ ಕುಶಲಕರ್ಮಿಯ ಹೆಸರನ್ನು ದೇಶವೇ ಕೇಳಿತು. ಎಷ್ಟು ಖುಷಿಯಾಯಿತು ನಮಗೆಲ್ಲ! ಆದರೆ ಜಿಐ ಗುರುತು ಊರಿಗೆ ಸಿಗುವುದು, ಒಬ್ಬೊಬ್ಬರ ಕೈಗೆ ಅಲ್ಲ. ಆ ಮೊಗ್ಗು ಕೊರೆದವರ ಹೆಸರನ್ನು ಹೇಳಬೇಕಾದವರು ಫೋಟೋ ತೆಗೆಯುವವರು, ಕೊಳ್ಳುವವರು, ಮಾರುವವರು. ಅಂದರೆ ನಾವು.

ಫೋಟೋ ಅಂದಾಗ ಇನ್ನೊಂದು ಮಾತು. ನಮ್ಮ ಕರಪತ್ರ, ಸ್ಮರಣ ಸಂಚಿಕೆ, ಪ್ರಾಜೆಕ್ಟ್ ಎಲ್ಲ ಕಡೆ 'ಚಿತ್ರಕೃಪೆ: ಗೂಗಲ್' ಅಂತ ಬರೆಯುತ್ತೇವೆ. 'ಕೃಪೆ: ವಾಟ್ಸಾಪ್', 'ಮೂಲ: ಅಂತರ್ಜಾಲ' ಅಂತಲೂ ಬರೆಯುತ್ತೇವೆ. ಇದರಲ್ಲಿ ಯಾರ ಹೆಸರೂ ಇಲ್ಲ. ಪುಸ್ತಕ ಓದಿ, ಬರೆದವರು ಯಾರು ಅಂದರೆ 'ಕೃಪೆ: ಗ್ರಂಥಾಲಯದ ಕಪಾಟು' ಅಂದ ಹಾಗಾಯಿತು. ಗೂಗಲ್ ಆ ಫೋಟೋ ತೆಗೆದಿಲ್ಲ, ಎಲ್ಲಿದೆ ಅಂತ ತೋರಿಸಿದೆ ಅಷ್ಟೇ. ಚಿತ್ರದ ಮೇಲೆ ಒತ್ತಿದರೆ ಅದು ಇರುವ ಪುಟಕ್ಕೆ ಹೋಗುತ್ತೀರಿ. ಎಷ್ಟೋ ಸಲ ಅಲ್ಲೇ ತೆಗೆದವರ ಹೆಸರು ಇರುತ್ತದೆ.

ಬೀದರ ಕೋಟೆ, ಮಹಮೂದ್ ಗವಾನನ ಮದರಸಾ, ನಮ್ಮ ಕಲಬುರಗಿ ಕೋಟೆ, ಇವುಗಳ ಒಳ್ಳೊಳ್ಳೆಯ ಚಿತ್ರಗಳು ವಿಕಿಮೀಡಿಯ ಕಾಮನ್ಸ್ ಅನ್ನುವ ಜಾಲತಾಣದಲ್ಲಿ ಇವೆ. ಬಿಸಿಲಲ್ಲಿ ನಿಂತು ತೆಗೆದು, ಯಾರು ಬೇಕಾದರೂ ಬಳಸಲಿ ಅಂತ ಪುಕ್ಕಟೆ ಕೊಟ್ಟಿದ್ದಾರೆ. ಹೆಚ್ಚಿನವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟಿರುತ್ತಾರೆ. ಈ ಪರವಾನಗಿಗಳು ಮೊದಲು ಬಂದದ್ದು 2002ರಲ್ಲಿ. ಆಗ ನನ್ನ ಹೆಸರು ಹಾಕಬೇಕು ಅನ್ನುವುದು ಒಂದು ಆಯ್ಕೆ ಮಾತ್ರ ಆಗಿತ್ತು, ಬೇಡ ಅಂದರೂ ನಡೆಯುತ್ತಿತ್ತು. ಹೆಚ್ಚುಕಡಿಮೆ ಎಲ್ಲರೂ ಹೆಸರು ಬೇಕು ಅಂತಲೇ ಆರಿಸಿದರು. ಅದಕ್ಕೆ 2004ರ ಎರಡನೇ ಆವೃತ್ತಿಯಿಂದ ಮುಖ್ಯ ಪರವಾನಗಿಗಳೆಲ್ಲದರಲ್ಲೂ ಹೆಸರು ಹಾಕುವುದು ಕಡ್ಡಾಯ ಆಯಿತು. ದುಡ್ಡು ಬೇಡ ಅಂದವರೂ ಹೆಸರು ಬೇಡ ಅನ್ನಲಿಲ್ಲ. ಈ ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ನೀವು ಬರೆದ ಕೂಡಲೇ, ಫೋಟೋ ತೆಗೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಬರೆದವರು ಬದುಕಿರುವ ತನಕ, ತೀರಿಕೊಂಡ ಮೇಲೆ ಇನ್ನೂ 60 ವರ್ಷ ಅದು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ 2041 ಮುಗಿಯುವ ತನಕ ಅವರ ಕವಿತೆಗಳ ಮೇಲೆ ಹಕ್ಕು ಇದೆ. ಇನ್ನೊಂದು, 57ನೇ ಕಲಮು. ಹಕ್ಕನ್ನು ಪೂರ್ತಿ ಮಾರಿಬಿಟ್ಟರೂ ಇದು ನಾನು ಬರೆದದ್ದು ಅಂತ ಹೇಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ತಮ್ಮ ಮರ್ಯಾದೆಗೆ ಧಕ್ಕೆ ಬರುವ ಹಾಗೆ ಕೃತಿಯನ್ನು ಕೆಡಿಸಿದರೆ ಅದನ್ನೂ ಪ್ರಶ್ನಿಸಬಹುದು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ದೊಡ್ಡ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅವರನ್ನು ಕೇಳದೆ ಅದನ್ನು ಕಿತ್ತು ಹಾಕಿದರು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರವೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪಿಯ ಪರವಾಗಿ ತೀರ್ಪು ಕೊಟ್ಟಿತು. 5 ಲಕ್ಷ ರೂಪಾಯಿ ಪರಿಹಾರ ಕೊಡಿ, ಉಳಿದದ್ದನ್ನು ಅವರಿಗೆ ತಿರುಗಿ ಕೊಡಿ ಅಂದಿತು.

ವಿಚಾರಕ್ಕೆ ಮಾತ್ರ ಈ ಹಕ್ಕು ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ರೊಟ್ಟಿ ಬಡಿಯುವ ಅವ್ವನ ಬಗ್ಗೆ ನೀವೆಲ್ಲರೂ ಬರೆಯಿರಿ. ಬರೆಯಲೇಬೇಕು. ಆ ವಿಷಯ ನನ್ನ ಆಸ್ತಿ ಅಲ್ಲ. ನಿಮ್ಮ ಅವ್ವನ ಕೈಯಲ್ಲಿ ಏನಿದೆ ಅಂತ ನೀವೇ ನೋಡಿ ಬರೆಯಿರಿ, ಅಷ್ಟೇ ನಾನು ಕೇಳುವುದು. ಇನ್ನೊಂದು ಎಚ್ಚರ. ಹೆಸರು ಹಾಕಿದರೆ ಅನುಮತಿ ಸಿಕ್ಕ ಹಾಗೆ ಅಲ್ಲ. ಒಬ್ಬರ ಕಥೆಯನ್ನು ಪೂರ್ತಿ ಎತ್ತಿ ಹಾಕಿ ಕೆಳಗೆ ಅವರ ಹೆಸರು ಬರೆದರೆ ಮರ್ಯಾದೆ ಕೊಟ್ಟ ಹಾಗಾಯಿತು, ಹಕ್ಕು ಬಂದ ಹಾಗಾಗಲಿಲ್ಲ. ಕೇಳಬೇಕು. ಕೇಳಿದರೆ ಹೆಚ್ಚಿನವರು ಹೂಂ ಅನ್ನುತ್ತಾರೆ, ಇದು ನನ್ನ ಅನುಭವ.

ನಾನೂ ಒಂದು ತಪ್ಪು ಮಾಡಿದ್ದೇನೆ, ಅದನ್ನು ಇಲ್ಲಿ ಹೇಳಲೇಬೇಕು. ನಾನು ಎಂ.ಎ. ಓದುವಾಗ ನಮ್ಮ ಗುರುಗಳು ಅಲ್ಲಮನ ಒಂದು ವಚನಕ್ಕೆ ಬಹಳ ಹೊಸ ಅರ್ಥ ಹೇಳಿದ್ದರು. ಅವರು ಅದನ್ನು ಎಲ್ಲೂ ಬರೆದಿರಲಿಲ್ಲ. ನಾನು ಪಾಠಕ್ಕೆ ನಿಂತ ಮೇಲೆ ಹತ್ತು ವರ್ಷ ಅದನ್ನೇ ಹೇಳಿದೆ. ನನ್ನದು ಅಂತ ಹೇಳಲಿಲ್ಲ, ಅವರದು ಅಂತಲೂ ಹೇಳಲಿಲ್ಲ. ಹುಡುಗರು ನನ್ನದೇ ಅಂದುಕೊಂಡರು. ನಾನು ತಿದ್ದಲಿಲ್ಲ. ಒಬ್ಬ ಹುಡುಗ ಅದನ್ನು ತನ್ನ ಪ್ರಬಂಧದಲ್ಲಿ ನನ್ನ ಹೆಸರಿನಲ್ಲಿ ಬರೆದುಕೊಂಡು ಬಂದಾಗ ನನ್ನ ಕೈ ನಡುಗಿತು. ಅಷ್ಟರಲ್ಲಿ ಗುರುಗಳು ತೀರಿಕೊಂಡಿದ್ದರು. ಆ ಹಾಳೆಯ ಮೇಲೆ ನನ್ನ ಹೆಸರು ಹೊಡೆದು ಅವರ ಹೆಸರು ಬರೆದೆ. ಹತ್ತು ವರ್ಷದ ಹುಡುಗರನ್ನೆಲ್ಲ ಎಲ್ಲಿಂದ ಹುಡುಕಿ ತರಲಿ?

ಸಂಶೋಧನೆಗೆ ಹೋಗುವವರು ಇದನ್ನು ಕೇಳಿಸಿಕೊಳ್ಳಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ 10 ಪ್ರತಿಶತದ ಒಳಗಿದ್ದರೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಕೊಡುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ಕೇಳಿದ ಕೂಡಲೇ ಕೆಲವರು 'ಆಯ್ತು, ಪದ ಬದಲಿಸಿ 9ಕ್ಕೆ ಇಳಿಸೋಣ' ಅನ್ನುತ್ತಾರೆ. ಸಾಫ್ಟ್‌ವೇರು ಹಿಡಿಯುವುದು ಪದಗಳನ್ನು. ನಾನು ನಮ್ಮ ಗುರುಗಳಿಂದ ತೆಗೆದುಕೊಂಡದ್ದನ್ನು ಯಾವ ಸಾಫ್ಟ್‌ವೇರೂ ಹಿಡಿಯುತ್ತಿರಲಿಲ್ಲ. ಎಐ ಹತ್ತಿರ ಬರೆಸಿದರೆ ಏನು ಅಂತ ಶುರುವಿಗೇ ಒಬ್ಬರು ಚೀಟಿ ಕೊಟ್ಟಿದ್ದೀರಿ. ಬರೆಸಿದ್ದರೆ ಬರೆಸಿದ್ದು ಅಂತ ಹೇಳಿ. ನಿಮ್ಮ ಮೇಷ್ಟ್ರಿಗೆ ನಿಮ್ಮ ಬರಹ ಬೇಕು. ಅದರಲ್ಲಿ ತಪ್ಪಿದ್ದರೂ ಪರವಾಗಿಲ್ಲ, ಅದು ನಿಮ್ಮ ತಪ್ಪಾಗಿರುತ್ತದೆ. ಅದನ್ನು ಹಿಡಿದೇ ಅವರು ನಿಮಗೆ ಏನಾದರೂ ಕಲಿಸಬಹುದು.

ಇನ್ನೊಂದು ಚೀಟಿ ಇದೆ. "ಬರೆದವರು ಯಾರು ಅಂತ ಎಷ್ಟು ಹುಡುಕಿದರೂ ಸಿಗದಿದ್ದರೆ ಏನು ಮಾಡಬೇಕು?" ಒಳ್ಳೆಯ ಪ್ರಶ್ನೆ. 'ಬರೆದವರು ಗೊತ್ತಾಗಿಲ್ಲ, ತಿಳಿದವರು ಹೇಳಿ' ಅಂತ ಬರೆಯಿರಿ. 'ಸಂಗ್ರಹ' ಅಂತ ಬರೆಯಬೇಡಿ. ಸಂಗ್ರಹ ಅಂದರೆ ಹುಡುಕಾಟ ಮುಗಿಯಿತು ಅಂತ. ಮೊದಲ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಫೋಟೋ ಆಗಿದ್ದರೆ ಆ ಚಿತ್ರವನ್ನೇ ಕೊಟ್ಟು ಹುಡುಕಿ. ಕಳಿಸಿದವರನ್ನು ಕೇಳಿ, ನಿಮಗೆ ಯಾರು ಕಳಿಸಿದರು ಅಂತ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ.

ಫೋನಿನಲ್ಲಿ ಮಾತಾಡಿದ ಆ ಮನುಷ್ಯರ ಬಗ್ಗೆ ಹೇಳಿದೆನಲ್ಲ. ಅವರು ಮುಂದಿನ ಸಂಚಿಕೆಯಲ್ಲಿ ತಪ್ಪಾಯಿತು ಅಂತ ಹಾಕಿಸಿದರು, ನನ್ನ ಹೆಸರು ಹಾಕಿಸಿದರು. ಅಲ್ಲಿಗೆ ನಮ್ಮ ಸಂಬಂಧ ಮುಗಿಯಿತು ಅಂದುಕೊಂಡಿದ್ದೆ. ಒಂದು ವರ್ಷದ ಮೇಲೆ ಅವರಿಂದ ಒಂದು ಮೆಸೇಜ್ ಬಂತು. ತೊಗರಿ ರಾಶಿ ಮಾಡುವ ರಾತ್ರಿಯ ಬಗ್ಗೆ ಎಂಟು ಸಾಲಿನ ಒಂದು ಕವಿತೆ. "ಸರ್, ಇದು ಯಾರದಂತ ಗೊತ್ತೇನ್ರಿ? ಕೆಳಗ ಖಾಲಿ ಅದ" ಅಂತ ಕೇಳಿದ್ದರು.

ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಹುಡುಕಿದೆವು. ಅವರಿಗೆ ಕಳಿಸಿದವರು ಶಹಾಪುರದವರು, ಅವರಿಗೆ ಕಳಿಸಿದವರು ಸುರಪುರದ ಒಬ್ಬ ಮಾಸ್ತರು. ಆ ಮಾಸ್ತರಿಗೆ ಬಂದದ್ದು ಒಂದು ಹಳೆಯ ಪುಟದ ಫೋಟೋ. ಯಾವುದೋ ಶಾಲೆಯ ವಾರ್ಷಿಕ ಸಂಚಿಕೆ. ಪುಟದ ತುದಿಯಲ್ಲಿ ಹೆಸರಿನ ಅರ್ಧ ಮಾತ್ರ ಕಾಣುತ್ತಿತ್ತು. ಆ ಶಾಲೆ ಹುಡುಕಿ, ಅಲ್ಲಿಂದ ವಿಚಾರಿಸಿ, ಹನ್ನೊಂದನೇ ದಿನ ಒಂದು ನಂಬರ್ ಸಿಕ್ಕಿತು. ಚಿಂಚೋಳಿ ಕಡೆಯ ಒಂದು ಹಳ್ಳಿ. ಫೋನ್ ಎತ್ತಿದವರು ಐವತ್ತು ದಾಟಿದ ಹೆಣ್ಣುಮಗಳು. ಶಾಲೆಯಲ್ಲಿ ಓದುವಾಗ ಬರೆದಿದ್ದಂತೆ. ಆಮೇಲೆ ಮದುವೆ ಆಯಿತು, ಮತ್ತೆ ಬರೆಯಲಿಲ್ಲ.

ನಾನು ಕವಿತೆಯ ಮೊದಲ ಎರಡು ಸಾಲು ಓದಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಉಳಿದ ಆರು ಸಾಲನ್ನು ಅವರೇ ಹೇಳಿದರು. ಹೇಳಿ ಮುಗಿಸಿ ಕೇಳಿದರು: "ಅಣ್ಣಾ, ಇದನ್ನ ಯಾರಾರ ಓದ್ಯಾರೇನ್ರಿ?"